ಮೆಕೆಂಜಿ ಶೈಲಿಯಲ್ಲಿ ವರ್ಚುವಲ್ ಗಾಲ್ಫ್ ಕೋರ್ಸ್: ಖಾಲಿ ನೆಲದಿಂದ ಕೊನೆಯ ಪಿನ್‌ವರೆಗೆ

ಹಳೆಯ ಕಾಲದ ದೊಡ್ಡ ಗಾಲ್ಫ್ ಕೋರ್ಸ್ ವಿನ್ಯಾಸಕಾರ ಮೆಕೆಂಜಿಯವರ ಶೈಲಿಯಲ್ಲಿ ನಾನು ಕಂಪ್ಯೂಟರ್ ಆಟಕ್ಕೆ ಕಟ್ಟಿದ ಮೊದಲ ಕೋರ್ಸಿನಲ್ಲಿ 94 ಬಂಕರ್ (ಮರಳಿನ ಗುಂಡಿ) ಇದ್ದವು. ಎಲ್ಲದಕ್ಕೂ ಹರಿದ ಕಾಗದದಂಥ ಅಂಚು, ಬೆಳ್ಳನೆಯ ಮರಳು, ಅಲ್ಲಲ್ಲಿ ಹುಲ್ಲಿನ ಕುಚ್ಚು. ಸ್ಕ್ರೀನ್‌ಶಾಟ್ ನೋಡಿದವರೆಲ್ಲ ಭೇಷ್ ಅಂದರು. ಆಡೋಕೆ ಕೂತವರು 18 ಹೋಲ್‌ಗಳಲ್ಲಿ (ಹೋಲ್ ಅಂದರೆ ಮೊದಲ ಹೊಡೆತದ ಜಾಗದಿಂದ ಕುಳಿಯವರೆಗಿನ ಒಂದು ಆಟ) ಒಂಬತ್ತನೆಯದನ್ನು ದಾಟಲಿಲ್ಲ. ಒಬ್ಬ ಗೆಳೆಯ ನೇರವಾಗಿ ಕೇಳಿಯೇಬಿಟ್ಟ: "ನೋಡೋಕೆ ಚೆನ್ನಾಗಿದೆ. ಆದ್ರೆ ಪ್ರತಿ ಹೋಲಲ್ಲೂ ಮಧ್ಯಕ್ಕೆ ಹೊಡೀಬೇಕು, ಅಷ್ಟೇ ಅಲ್ವಾ?"

ಹೌದು, ಅಷ್ಟೇ ಆಗಿತ್ತು. ಹುಲಿಯನ್ನು ನೋಡಿ ನರಿ ಬರೆ ಹಾಕಿಕೊಂಡ ಹಾಗೆ, ನಾನು ಮೆಕೆಂಜಿಯವರ ಪಟ್ಟೆಗಳನ್ನು ಮಾತ್ರ ಎಳೆದುಕೊಂಡಿದ್ದೆ. ಟೀ (ಹೋಲಿನ ಮೊದಲ ಹೊಡೆತ ಹೊಡೆಯುವ ಜಾಗ) ಮೇಲೆ ನಿಂತವನ ತಲೆಗೆ ಒಂದು ಹುಳ ಬಿಡುವುದು ಅವರ ನಿಜವಾದ ಕೆಲಸ. "ಆ ಬಂಕರ್ ದಾಟುತ್ತಾ? ದಾಟಿದರೆ ಎಷ್ಟು ಲಾಭ? ಬೇಡ ಅಂದರೆ ಎಷ್ಟು ನಷ್ಟ?" ಈ ಗೊಂದಲ ಹುಟ್ಟದಿದ್ದರೆ ಬಂಕರಿನ ಅಂಚು ಎಷ್ಟು ಸುಂದರವಾಗಿದ್ದರೂ ಅದು ಅಲಂಕಾರ ಅಷ್ಟೇ. ಮುಂದಿನ ಎಲ್ಲ ಹಂತಗಳೂ ಆ ಹುಳವನ್ನು ಹೇಗೆ ಬಿಡೋದು ಅನ್ನುವುದರ ಬಗ್ಗೆಯೇ.

ಹಂತ 1: ಒಬ್ಬರನ್ನೇ ಹಿಡಿಯಿರಿ, ಅವರು ಕೇಳುವ ಪ್ರಶ್ನೆ ಯಾವುದು ನೋಡಿ

ಪ್ರತಿ ದೊಡ್ಡ ವಿನ್ಯಾಸಕಾರರಿಗೂ ಒಂದು ಖಾಯಂ ಪ್ರಶ್ನೆ ಇರುತ್ತದೆ. ಡೊನಾಲ್ಡ್ ರಾಸ್ ಅವರ ಹೆಸರಿನ ಜೊತೆ ಪೈನ್‌ಹರ್ಸ್ಟ್ ನಂಬರ್ 2ರ ಬೋರಲು ಹಾಕಿದ ಬಟ್ಟಲಿನಂಥ ಗ್ರೀನ್‌ಗಳು (ಕುಳಿ ಇರುವ ನುಣ್ಣನೆಯ ಹುಲ್ಲಿನ ಜಾಗ) ನೆನಪಾಗುತ್ತವೆ. ಅಲ್ಲಿ ಪ್ರಶ್ನೆ: ತಪ್ಪಿದರೆ ಯಾವ ಕಡೆ ತಪ್ಪುತ್ತೀಯ? ಸೆತ್ ರೇನರ್ ಹಳೆಯ ಪ್ರಸಿದ್ಧ ಹೋಲ್‌ಗಳ ಅಚ್ಚುಗಳನ್ನು ಇಟ್ಟುಕೊಂಡು, ಚೂಪು ಅಂಚು, ಕಡಿದಾದ ಗೋಡೆ, ನೇರ ಗೆರೆಗಳಲ್ಲಿ ಮತ್ತೆ ಮತ್ತೆ ಕಟ್ಟಿದರು. ಪೀಟ್ ಡೈ ಹೆದರಿಸುತ್ತಾರೆ; ಫ್ಲೋರಿಡಾದ ಸಾಗ್ರಾಸ್ ಕೋರ್ಸಿನ 17ನೇ ಹೋಲಿನಲ್ಲಿ ನೀರಿನ ನಡುವೆ ಕೂತ ಗ್ರೀನ್ ನೆನಪಿಸಿಕೊಳ್ಳಿ, ಸಾಕು. ಮೂವರನ್ನೂ ಒಂದೇ ಕೋರ್ಸಿನಲ್ಲಿ ಕಲಸಿದರೆ ಯಾರೂ ಕಾಣುವುದಿಲ್ಲ.

ನಾನು ಹಿಡಿದದ್ದು ಅಲಿಸ್ಟರ್ ಮೆಕೆಂಜಿ ಅವರನ್ನು. ಹುಟ್ಟಿದ್ದು 1870ರಲ್ಲಿ, ಇಂಗ್ಲೆಂಡಿನ ಯಾರ್ಕ್‌ಷೈರಿನಲ್ಲಿ. ಕೇಂಬ್ರಿಡ್ಜ್‌ನಲ್ಲಿ ಓದಿದ ಡಾಕ್ಟರು. ದಕ್ಷಿಣ ಆಫ್ರಿಕಾದ ಬೋಯರ್ ಯುದ್ಧಕ್ಕೆ ಸರ್ಜನ್ ಆಗಿ ಹೋದಾಗ, ಬೋಯರ್ ಸೈನಿಕರು ನೆಲದ ಏರಿಳಿತದಲ್ಲೇ ಕಂದಕಗಳನ್ನು ಹೇಗೆ ಅಡಗಿಸುತ್ತಾರೆ ಅನ್ನುವುದು ಅವರ ಕಣ್ಣಿಗೆ ಬಿತ್ತು. ಮೊದಲ ಮಹಾಯುದ್ಧದಲ್ಲಿ ಬ್ರಿಟಿಷ್ ಸೈನ್ಯಕ್ಕೆ ಇದೇ ಮರೆಮಾಚುವ ವಿದ್ಯೆಯಲ್ಲಿ ಕೆಲಸ ಮಾಡಿದರು. ಗಾಲ್ಫ್‌ಗೆ ಬಂದಾಗಲೂ ಆ ವಿದ್ಯೆಯನ್ನು ಬಿಡಲಿಲ್ಲ. ಕೈಯಿಂದ ಕಟ್ಟಿದ ದಿಬ್ಬ ಹುಟ್ಟಿನಿಂದಲೇ ಅಲ್ಲಿತ್ತು ಅನಿಸಬೇಕು. ಹತ್ತಿರ ಕಾಣುವುದು ದೂರ ಇರಬೇಕು, ದೂರ ಕಾಣುವುದು ಹತ್ತಿರ ಇರಬೇಕು.

ನೋಡಲೇಬೇಕಾದ ಕೋರ್ಸ್‌ಗಳು: ಲೀಡ್ಸ್ ಹತ್ತಿರದ ಆಲ್‌ವುಡ್ಲಿ, ಆಸ್ಟ್ರೇಲಿಯಾದ ರಾಯಲ್ ಮೆಲ್ಬರ್ನ್ ವೆಸ್ಟ್, ಕ್ಯಾಲಿಫೋರ್ನಿಯಾದ ಸೈಪ್ರೆಸ್ ಪಾಯಿಂಟ್ ಮತ್ತು ಪಾಸಟಿಯೆಂಪೊ, ಮಿಷಿಗನ್‌ನ ಕ್ರಿಸ್ಟಲ್ ಡೌನ್ಸ್, ಮತ್ತು ಅಮೆರಿಕದ ಗಾಲ್ಫ್ ಆಟಗಾರ ಬಾಬಿ ಜೋನ್ಸ್ ಜೊತೆ ಮಾಡಿದ ಅಗಸ್ಟಾ ನ್ಯಾಷನಲ್. ಒಂದು ಎಚ್ಚರಿಕೆ. ಅಗಸ್ಟಾವನ್ನು ಟಿವಿಯಲ್ಲಿ ನೋಡಿ ಇದೇ ಮೆಕೆಂಜಿ ಅಂದುಕೊಳ್ಳಬೇಡಿ. 1933ರಲ್ಲಿ ಶುರುವಾದಾಗ ಅಲ್ಲಿ ಇದ್ದದ್ದು 22 ಬಂಕರ್ ಮಾತ್ರ. 10ನೇ ಹೋಲಿನಲ್ಲಿ ಗ್ರೀನಿಗಿಂತ ಬಹಳ ಮುಂಚೆ, ಯಾರಿಗೂ ಬೇಡದ ಹಾಗೆ ಬಿದ್ದಿರುವ ದೊಡ್ಡ ಬಂಕರ್ ಇದೆಯಲ್ಲ? ಅದು ಮೊದಲು ಗ್ರೀನಿನ ಪಕ್ಕದಲ್ಲೇ ಇತ್ತು. 1937ರಲ್ಲಿ ಇನ್ನೊಬ್ಬ ವಿನ್ಯಾಸಕಾರ ಪೆರಿ ಮ್ಯಾಕ್ಸ್‌ವೆಲ್ ಗ್ರೀನನ್ನು ಹಿಂದಿನ ಎತ್ತರದ ಜಾಗಕ್ಕೆ ಸಾಗಿಸಿದರು, ಬಂಕರ್ ಅಲ್ಲೇ ಉಳಿಯಿತು. ಆದ್ದರಿಂದ ಕೋರ್ಸ್ ಶುರುವಾದ ಕಾಲದ ಕಪ್ಪುಬಿಳುಪು ಚಿತ್ರಗಳನ್ನು ಹುಡುಕಿ ನೋಡಿ. ಅಸಲು ಕೈ ಅಲ್ಲಿ ಕಾಣುತ್ತದೆ.

ನೋಡುವಾಗ ಒಂದು ನೋಟ್‌ಬುಕ್ ಇಟ್ಟುಕೊಳ್ಳಿ. ಪ್ರತಿ ಹೋಲಿಗೆ ಮೂರೇ ಸಾಲು: ಧೈರ್ಯ ಮಾಡಿದವನಿಗೆ ಏನು ಸಿಗುತ್ತದೆ, ಹೆದರಿದವನು ಎಲ್ಲಿ ಹೋಗುತ್ತಾನೆ, ಕಣ್ಣಿಗೆ ಮೋಸ ಎಲ್ಲಿದೆ. ಇಪ್ಪತ್ತು ಹೋಲ್ ಹೀಗೆ ಬರೆದರೆ ಸಾಕು, ಶೈಲಿ ತಾನಾಗಿ ಕೈಗೆ ಬರುತ್ತದೆ. "ಅಂಚು ಹರಿದಂತಿದೆ, ಮರಳು ಬಿಳಿ" ಅಂತ ಬರೆಯುತ್ತಿದ್ದರೆ ನೀವು ನನ್ನ ದಾರಿಯಲ್ಲೇ ಇದ್ದೀರಿ. ತಿರುಗಿ ಬನ್ನಿ.

ಹಂತ 2: ಸಾಧನ ಮತ್ತು ನೆಲ

ಸಾಧನದ ಬಗ್ಗೆ ಜಾಸ್ತಿ ತಲೆ ಕೆಡಿಸಿಕೊಳ್ಳುವುದು ಬೇಡ. ಪಿಜಿಎ ಟೂರ್ 2ಕೆ ಸರಣಿಯ ಆಟಗಳಲ್ಲಿ ಒಳಗೇ ಕೋರ್ಸ್ ಡಿಸೈನರ್ ಇದೆ. ಬ್ರಷ್ ಹಿಡಿದು ನೆಲ ಎತ್ತಿ ಇಳಿಸುತ್ತೀರಿ, ಅಲ್ಲೇ ಆಡುತ್ತೀರಿ. ಹೊಸಬರಿಗೆ ಇದೇ ಸರಿ. ಸಿಮ್ಯುಲೇಟರ್‌ನಲ್ಲಿ ಆಡುವ ಜಿಎಸ್‌ಪ್ರೊಗೆ ಕೋರ್ಸ್ ಕಟ್ಟಬೇಕಾದರೆ ಕೆಲಸ ಜಾಸ್ತಿ. ಎತ್ತರದ ಮಾಹಿತಿಗೆ ಕ್ಯೂಜಿಐಎಸ್, ಗೆರೆ ಎಳೆಯೋಕೆ ಇಂಕ್‌ಸ್ಕೇಪ್, ಮೆಶ್‌ಗೆ (ನೆಲದ 3ಡಿ ಜಾಲ) ಬ್ಲೆಂಡರ್, ಕೊನೆಗೆ ಎಲ್ಲವನ್ನೂ ಜೋಡಿಸೋಕೆ ಯೂನಿಟಿ. ಮೊದಲ ಕೋರ್ಸಿಗೇ ಈ ದಾರಿ ಹಿಡಿದರೆ ಕಲಿಯುವುದು ಸಾಫ್ಟ್‌ವೇರ್, ವಿನ್ಯಾಸ ಅಲ್ಲ.

ನೆಲ ಮಾತ್ರ ಮುಖ್ಯ. ಎರಡು ದಾರಿ ಇದೆ. ಒಂದು, ಸಾಫ್ಟ್‌ವೇರ್ ತಾನೇ ಹುಟ್ಟಿಸುವ ನೆಲ. ಇದರಲ್ಲಿ ತೊಂದರೆ ಏನೆಂದರೆ, ಅಲೆಗಳೆಲ್ಲ ಒಂದೇ ಅಳತೆಯಲ್ಲಿ ಇರುತ್ತವೆ. ನೀರು ಹರಿದು ಆದ ನೆಲದ ಹಾಗೆ ಕಾಣುವುದಿಲ್ಲ. ಎರಡನೆಯದು, ನಿಜವಾದ ಜಾಗದ ಲೈಡಾರ್ ಮಾಹಿತಿ. ವಿಮಾನದಿಂದ ಲೇಸರ್ ಬಿಟ್ಟು ಅಳೆದ ನೆಲದ ಎತ್ತರ ಅದು. ಅಮೆರಿಕ ಮತ್ತು ಇಂಗ್ಲೆಂಡಿನ ಸರ್ಕಾರಿ ಸಂಸ್ಥೆಗಳು ಇದನ್ನು ಉಚಿತವಾಗಿ ಕೊಡುತ್ತವೆ. ಬಹಳ ಕಡೆ 1 ಮೀಟರ್ ಅಂತರದ ವಿವರ ಸಿಗುತ್ತದೆ. ಗಾಲ್ಫ್ ಕೋರ್ಸ್ ಇಲ್ಲದ, ಮರಳು ದಿಬ್ಬದ ಅಥವಾ ಹುಲ್ಲುಗಾವಲಿನ ಒಂದು ತುಂಡು ನೆಲ ಆರಿಸಿ. ಮೇಲಿನಿಂದ ಕೆಳಗೆ 20 ಮೀಟರ್ ಏರಿಳಿತ ಇದ್ದರೆ ಧಾರಾಳ ಸಾಕು.

ಡಿಜಿಟಲ್ ನೆಲ ಸುಮ್ನೆ ಆಟಿಕೆ ಅಂದುಕೊಳ್ಳಬೇಡಿ. ನ್ಯೂಯಾರ್ಕ್ ಹತ್ತಿರ ಲಾಂಗ್ ಐಲೆಂಡಿನಲ್ಲಿ ಲಿಡೋ ಅನ್ನುವ ಕೋರ್ಸ್ ಇತ್ತು. ಚಾರ್ಲ್ಸ್ ಮ್ಯಾಕ್‌ಡೊನಾಲ್ಡ್ ಮತ್ತು ರೇನರ್ ಕಟ್ಟಿದ್ದು, ಎರಡನೇ ಮಹಾಯುದ್ಧದ ಹೊತ್ತಿಗೆ ಅಳಿದುಹೋಯಿತು. ಒಬ್ಬ ಹವ್ಯಾಸಿ ಹಳೆಯ ಚಿತ್ರಗಳನ್ನು ಇಟ್ಟುಕೊಂಡು ಅದನ್ನು ಕಂಪ್ಯೂಟರ್ ಆಟದಲ್ಲಿ ಮತ್ತೆ ಕಟ್ಟಿದ. ಆ ಡಿಜಿಟಲ್ ಮಾದರಿಯನ್ನೇ ಆಧಾರ ಮಾಡಿಕೊಂಡು ವಿನ್ಯಾಸಕಾರ ಟಾಮ್ ಡೋಕ್ ವಿಸ್ಕಾನ್ಸಿನ್‌ನಲ್ಲಿ ನಿಜವಾದ ನೆಲದ ಮೇಲೆ ಲಿಡೋವನ್ನು ಎಬ್ಬಿಸಿದರು. 2023ರಲ್ಲಿ ಅದು ತೆರೆಯಿತು. ಮೆಕೆಂಜಿಗೂ ಲಿಡೋಗೂ ನಂಟು ಇದೆ. 1914ರಲ್ಲಿ ಒಂದು ಇಂಗ್ಲಿಷ್ ಪತ್ರಿಕೆ ನಡೆಸಿದ ಹೋಲ್ ವಿನ್ಯಾಸದ ಸ್ಪರ್ಧೆಯಲ್ಲಿ ಮೆಕೆಂಜಿ ಗೆದ್ದರು, ಆ ವಿನ್ಯಾಸವೇ ಲಿಡೋದ 18ನೇ ಹೋಲಿಗೆ ಮೂಲ. ಒಂದೇ ಪಾರ್ 4 (ನಾಲ್ಕು ಹೊಡೆತದಲ್ಲಿ ಮುಗಿಯಬೇಕಾದ ಹೋಲ್), ಗ್ರೀನಿಗೆ ಹೋಗೋಕೆ ಹಲವು ದಾರಿ. ಅವರ ಜೀವಮಾನದ ಯೋಚನೆಯೆಲ್ಲ ಆ ಒಂದು ರೇಖಾಚಿತ್ರದಲ್ಲಿದೆ.

ಹಂತ 3: ರೂಟಿಂಗ್, ಅಂದರೆ ಹೋಲ್‌ಗಳ ಸರಣಿ

1920ರಲ್ಲಿ ಬಂದ ಸಣ್ಣ ಪುಸ್ತಕದಲ್ಲಿ ಮೆಕೆಂಜಿ ಒಳ್ಳೆಯ ಕೋರ್ಸಿಗೆ 13 ಗುಣ ಪಟ್ಟಿ ಮಾಡಿದ್ದಾರೆ. ರೂಟಿಂಗಿಗೆ ಬೇಕಾದವು ಇಷ್ಟು: ಸಾಧ್ಯವಾದರೆ ಒಂಬತ್ತು ಒಂಬತ್ತರ ಎರಡು ಸುತ್ತು, ಜಾಸ್ತಿ ಹೋಲ್‌ಗಳು ಎರಡು ಹೊಡೆತದಲ್ಲಿ ಗ್ರೀನ್ ಮುಟ್ಟುವಂಥವು, ಕನಿಷ್ಠ ನಾಲ್ಕು ಪಾರ್ 3, ಒಂದು ಗ್ರೀನಿನಿಂದ ಮುಂದಿನ ಟೀಗೆ ನಡಿಗೆ ಕಡಿಮೆ, ಏರಿಳಿತ ಇರಲಿ, ಆದರೆ ಗುಡ್ಡ ಹತ್ತಿಸಬೇಡಿ, ಪ್ರತಿ ಹೋಲಿಗೂ ಬೇರೆ ಗುಣ ಇರಲಿ.

ವರ್ಚುವಲ್ ಆಟದಲ್ಲಿ ಯಾರೂ ನಡೆಯುವುದಿಲ್ಲ, ಹಾಗಾದರೆ ನಡಿಗೆ ಕಡಿಮೆ ಯಾಕೆ? ಗ್ರೀನ್ ಪಕ್ಕದಲ್ಲೇ ಮುಂದಿನ ಟೀ ಇದ್ದರೆ, ಪಟ್ ಮಾಡುವಾಗಲೇ (ಗ್ರೀನಿನ ಮೇಲೆ ಚೆಂಡನ್ನು ಕುಳಿಗೆ ಉರುಳಿಸುವಾಗಲೇ) ಮುಂದಿನ ಹೋಲ್ ಕಣ್ಣಿಗೆ ಬೀಳುತ್ತದೆ. ಇಡೀ ಕೋರ್ಸ್ ಒಂದೇ ಜಾಗ ಅನಿಸುತ್ತದೆ. ಇಲ್ಲದಿದ್ದರೆ ಹದಿನೆಂಟು ಬಿಡಿ ಚಿತ್ರಗಳು.

ಕೆಲಸ ಹೀಗೆ ಮಾಡಿ. ನೆಲದ ಎತ್ತರದ ನಕ್ಷೆಯನ್ನು ಪ್ರಿಂಟ್ ಮಾಡಿಕೊಳ್ಳಿ. ಮೊದಲು ಹೋಲ್ ಎಳೆಯಬೇಡಿ, ಗ್ರೀನ್ ಜಾಗಗಳನ್ನು ಗುರುತು ಮಾಡಿ. ದಿಬ್ಬದ ಮೂಗು, ಎರಡು ಇಳಿಜಾರು ಸೇರುವ ಮಡಿಲು, ಚಿಕ್ಕ ಜಗುಲಿಯಂಥ ಸಮತಟ್ಟು. ಇಂಥ 25 ಜಾಗ ಸಿಕ್ಕರೆ 18 ಆರಿಸಬಹುದು. ಆಮೇಲೆ ಪ್ರತಿ ಗ್ರೀನಿಗೂ ಯಾವ ಕಡೆಯಿಂದ ಬರುವುದು ಮಜಾ ಅಂತ ಬಾಣ ಹಾಕಿ. ಟೀ ಕೊನೆಗೆ. ಟೀ ಎಲ್ಲಿ ಬೇಕಾದರೂ ಕೂರುತ್ತದೆ, ಗ್ರೀನ್ ಕೂರುವುದಿಲ್ಲ.

ಪಾರ್‌ಗಳ ಸಾಲು ಚಂದವಾಗಿ 4-5-3-4 ಅಂತಲೇ ಬರಬೇಕು ಅನ್ನುವ ಹಟ ಬೇಡ. ಸೈಪ್ರೆಸ್ ಪಾಯಿಂಟ್‌ನಲ್ಲಿ 5 ಮತ್ತು 6 ಎರಡೂ ಪಾರ್ 5, 15 ಮತ್ತು 16 ಎರಡೂ ಪಾರ್ 3. ನೆಲ ಹಾಗೆ ಕೇಳಿತು, ಅವರು ಹಾಗೇ ಮಾಡಿದರು. ಅದನ್ನು ಯಾರೂ ತಪ್ಪು ಅನ್ನಲಿಲ್ಲ.

ಹಂತ 4: ಒಂದು ಹೋಲನ್ನು ಪೂರ್ತಿ ಕಟ್ಟೋಣ

ಇಲ್ಲಿ ನಿಧಾನವಾಗಿ ಹೋಗೋಣ. ಒಂದು ಹೋಲ್ ಸರಿಯಾಗಿ ಬಂದರೆ ಉಳಿದ ಹದಿನೇಳಕ್ಕೆ ಕೈ ಕುದುರುತ್ತದೆ.

ಪಾರ್ 4 ತೆಗೆದುಕೊಳ್ಳಿ. ಹಿಂದಿನ ಟೀಯಿಂದ 440 ಗಜ, ಮಧ್ಯದ ಟೀಯಿಂದ 400, ಮುಂದಿನ ಟೀಯಿಂದ 340. ಗಜ ಅಂದರೆ 0.9144 ಮೀಟರ್, ಗಾಲ್ಫಿನ ಲೆಕ್ಕ ಬಹಳ ಕಡೆ ಗಜದಲ್ಲೇ ನಡೆಯುತ್ತದೆ, ಸಾಫ್ಟ್‌ವೇರನ್ನೂ ಅದಕ್ಕೇ ಇಟ್ಟುಕೊಳ್ಳಿ.

ಮೊದಲು ಫೇರ್‌ವೇ, ಅಂದರೆ ಟೀಯಿಂದ ಗ್ರೀನಿನ ಕಡೆಗೆ ಹೋಗುವ ಕತ್ತರಿಸಿದ ಹುಲ್ಲಿನ ದಾರಿ. 60 ಗಜ ಅಗಲ ಕೊಡಿ. "ಅಯ್ಯೋ, ಇಷ್ಟು ಅಗಲ ಕೊಟ್ಟರೆ ಸುಲಭ ಆಗಲ್ವಾ?" ಅನಿಸುತ್ತದೆ. ಆಗುವುದಿಲ್ಲ. ಅಗಲ ಇದ್ದರೆ ತಾನೇ ಎಡವೋ ಬಲವೋ ಅನ್ನುವ ಯೋಚನೆ. 25 ಗಜದ ಓಣಿಯಲ್ಲಿ ಯೋಚನೆಗೆ ಜಾಗವೇ ಇಲ್ಲ. ನನ್ನ 94 ಬಂಕರಿನ ಕೋರ್ಸ್ ಸೋತಿದ್ದು ಇಲ್ಲೇ.

ಈಗ ಓರೆಯಾಗಿ ಬಂಕರ್ ಸಾಲು ಹಾಕಿ. ಫೇರ್‌ವೇಯ ಮಧ್ಯದಿಂದ ಶುರುವಾಗಿ ಬಲಕ್ಕೆ ಹೋಗುತ್ತಾ ದೂರ ಸರಿಯಬೇಕು. ಹಿಂದಿನ ಟೀಯಿಂದ ಮೊದಲನೆಯದನ್ನು ದಾಟೋಕೆ 230 ಗಜ, ಬಲತುದಿಯದನ್ನು ದಾಟೋಕೆ 280 ಗಜ. ನಡುವೆ ಒಂದು ಅಥವಾ ಎರಡು. ಮುಂದಿನ ಟೀಯಿಂದ ಅದೇ ಅಳತೆ 130 ಮತ್ತು 180 ಆಗುತ್ತದೆ. ಅಲ್ಲಿಂದ ಆಡುವವರಿಗೂ ಅದೇ ಪ್ರಶ್ನೆ. ಎಡಕ್ಕೆ ಬಂಕರೇ ಬೇಡ. ಹೆದರಿದವನು ಆರಾಮಾಗಿ ಎಡಕ್ಕೆ ಹೊಡೆದುಕೊಳ್ಳಲಿ.

ಹುಳ ಇರುವುದು ಗ್ರೀನಿನಲ್ಲಿ. ಗ್ರೀನನ್ನು ಉದ್ದಕ್ಕೆ ಎಳೆದು, ಬಲ ಮುಂದಿನಿಂದ ಎಡ ಹಿಂದಕ್ಕೆ ಓರೆಯಾಗಿ ಮಲಗಿಸಿ. ಉದ್ದ 32 ಗಜ, ಅಗಲ 18 ಗಜ. ಎಡ ಮುಂಭಾಗಕ್ಕೆ ಒಂದು ಆಳವಾದ ಬಂಕರ್. ಏನಾಯಿತು ನೋಡಿ. ಬಲಕ್ಕೆ, ಬಂಕರ್ ದಾಟಿಸಿ ಹೊಡೆದವನಿಗೆ ಗ್ರೀನಿನ 32 ಗಜ ಉದ್ದವೂ ಎದುರಿಗೆ ತೆರೆದುಕೊಳ್ಳುತ್ತದೆ. ಚೆಂಡನ್ನು ನೆಲದ ಮೇಲೆ ಉರುಳಿಸಿಕೊಂಡೂ ಹೋಗಬಹುದು. ಎಡಕ್ಕೆ ಹೋದವನಿಗೆ ಆ ಬಂಕರ್ ಅಡ್ಡ, ಅದರ ಹಿಂದೆ ಸಿಗುವುದು 18 ಗಜ. ಚೆಂಡು ನಿಲ್ಲಿಸುವುದು ಕಷ್ಟ.

ಆದರೆ ಅವನಿಗೂ ದಾರಿ ಮುಚ್ಚಬೇಡಿ. ಗ್ರೀನಿನ ಬಲ ಮುಂಭಾಗಕ್ಕೆ 25 ಗಜ ಉದ್ದದ ಖಾಲಿ ಹುಲ್ಲು ಬಿಡಿ. ಎಡದಿಂದ ಬಂದವನು ಅಲ್ಲಿಗೆ ಹಾಕಿ, ಮೂರನೇ ಹೊಡೆತದಲ್ಲಿ ಪಿನ್ (ಕುಳಿಯ ಬಾವುಟ) ಹತ್ತಿರ ಉರುಳಿಸಿ ಪಾರ್ ಕದಿಯಬಹುದು. ಇಲ್ಲವೆಂದರೆ 5. ಕಳೆದುಕೊಂಡದ್ದು ಅರ್ಧ ಹೊಡೆತ, ಚೆಂಡಲ್ಲ. ಚೆಂಡು ಹುಡುಕುವ ಕಿರಿಕಿರಿ ಇರಲೇಬಾರದು ಅನ್ನುವುದು ಆ 13 ಗುಣಗಳಲ್ಲಿ ಒಂದು. ಜಾಸ್ತಿ ಹ್ಯಾಂಡಿಕ್ಯಾಪಿನವನೂ (ಅಷ್ಟೇನೂ ಪಳಗದ ಆಟಗಾರನೂ) ಸ್ಕೋರ್ ಎಷ್ಟೇ ಆಗಲಿ ಖುಷಿಯಾಗಿ ಆಡಬೇಕು ಅನ್ನುವುದು ಇನ್ನೊಂದು.

ದೂರಗಳ ವಿಷಯದಲ್ಲಿ ಒಂದು ತಿದ್ದುಪಡಿ ಅಗತ್ಯ. ಮೆಕೆಂಜಿ ಕಾಲದ ಚೆಂಡು ಇಷ್ಟು ದೂರ ಹೋಗುತ್ತಿರಲಿಲ್ಲ. ಶುರುವಿನಲ್ಲಿ ಸುಮಾರು 6,700 ಗಜ ಇದ್ದ ಅಗಸ್ಟಾ ಇವತ್ತು 7,500 ಗಜ ದಾಟಿದೆ. ಆಟಗಳಲ್ಲಂತೂ 300 ಗಜದ ಡ್ರೈವ್ (ಟೀಯಿಂದ ಹೊಡೆಯುವ ದೂರದ ಹೊಡೆತ) ದಿನನಿತ್ಯದ ಮಾತು. ಹಳೆಯ ನಕ್ಷೆಯಲ್ಲಿ 180 ಗಜಕ್ಕೆ ಇದ್ದ ಬಂಕರನ್ನು ನೀವೂ ಅಲ್ಲೇ ಇಟ್ಟರೆ ಅದನ್ನು ಯಾರೂ ತಿರುಗಿಯೂ ನೋಡುವುದಿಲ್ಲ. ಅಳತೆ ಬಿಡಿ, ಹೊಡೆತಕ್ಕೂ ಬಂಕರಿಗೂ ಇರುವ ಸಂಬಂಧ ಉಳಿಸಿಕೊಳ್ಳಿ.

ಹಂತ 5: ಗ್ರೀನ್

ಮೆಕೆಂಜಿ ಗ್ರೀನ್ ಅಂದರೆ ಕಾಡು ಏರಿಳಿತ. ಕ್ರಿಸ್ಟಲ್ ಡೌನ್ಸ್‌ನ 7ನೇ ಗ್ರೀನ್ ಬೂಮರಾಂಗಿನ ಹಾಗೆ ಬಾಗಿದೆ. ತಪ್ಪು ತುದಿಯಲ್ಲಿ ಚೆಂಡು ನಿಂತರೆ ಪಿನ್ನಿಗೆ ನೇರ ದಾರಿಯೇ ಇಲ್ಲ. ನೋಡಿದರೆ ತಕ್ಷಣ ಅಂಥದ್ದೇ ಮಾಡಬೇಕು ಅನಿಸುತ್ತದೆ. ಸ್ವಲ್ಪ ತಡೀರಿ.

ಗ್ರೀನಿನ ವೇಗ ಅಳೆಯುವ ಸ್ಟಿಂಪ್‌ಮೀಟರ್ ಹುಟ್ಟಿದ್ದು 1935ರಲ್ಲಿ. ಮೆಕೆಂಜಿ ತೀರಿಕೊಂಡದ್ದು 1934ರ ಜನವರಿಯಲ್ಲಿ. ಅವರ ಕಾಲದ ಗ್ರೀನ್‌ಗಳು ಇವತ್ತಿನದಕ್ಕೆ ಹೋಲಿಸಿದರೆ ನಿಧಾನ, ಅದಕ್ಕೇ ಅಷ್ಟು ಇಳಿಜಾರು ತಡೆಯುತ್ತಿತ್ತು. ನೀವು ಅದೇ ಇಳಿಜಾರು ಕೊಟ್ಟು, ಆಟದಲ್ಲಿ ವೇಗವನ್ನು ತುದಿಗೆ ಏರಿಸಿದರೆ ಚೆಂಡು ಗ್ರೀನಿನಿಂದ ಇಳಿದು ಫೇರ್‌ವೇಗೆ ಬಂದು ನಿಲ್ಲುತ್ತದೆ. ನನ್ನ ಕೋರ್ಸಿನಲ್ಲಿ ಒಬ್ಬ ಮೂರು ಅಡಿ ಪಟ್ ತಪ್ಪಿಸಿ, ಮುಂದಿನದನ್ನು ಮೂವತ್ತು ಅಡಿಯಿಂದ ಹೊಡೆದ. ಮತ್ತೆ ಆ ಕೋರ್ಸಿಗೆ ಬರಲಿಲ್ಲ.

ಆದ್ದರಿಂದ ವೇಗವನ್ನು ಮಧ್ಯಮಕ್ಕಿಂತ ಸ್ವಲ್ಪ ಕೆಳಗೆ ಇಡಿ, ಇಳಿಜಾರನ್ನು ಧಾರಾಳವಾಗಿ ಕೊಡಿ. ಒಂದು ಅಂದಾಜು: ಪಿನ್ ಇಡುವ ಜಾಗದ ಸುತ್ತ 2ರಿಂದ 3 ಪರ್ಸೆಂಟ್ ಇಳಿಜಾರು, ಅಂದರೆ 10 ಅಡಿಗೆ ಸುಮಾರು ಮೂರು ಇಂಚು. ಒಂದು ಪಿನ್ ಜಾಗದಿಂದ ಇನ್ನೊಂದಕ್ಕೆ ಹೋಗುವ ಮಧ್ಯದ ಏರು 6, 7 ಪರ್ಸೆಂಟ್ ಇದ್ದರೂ ಪರವಾಗಿಲ್ಲ, ಅಲ್ಲಿ ಚೆಂಡು ನಿಲ್ಲಬೇಕಾಗಿಲ್ಲ.

ಕಟ್ಟುವ ಕ್ರಮ ನನ್ನದು ಹೀಗೆ. ಮೊದಲು ಗ್ರೀನ್ ಜಾಗವನ್ನೆಲ್ಲ ಒಂದೇ ಕಡೆಗೆ 2 ಪರ್ಸೆಂಟ್ ವಾಲಿಸುತ್ತೇನೆ. ಆಮೇಲೆ ಹೊರಗಿನ ನೆಲ ನೋಡುತ್ತೇನೆ. ಪಕ್ಕದಲ್ಲಿ ಒಂದು ದಿಬ್ಬ ಇದ್ದರೆ ಅದರ ಬಾಲವನ್ನು ಗ್ರೀನಿನ ಒಳಗೆ ಹರಿಸುತ್ತೇನೆ; ಬರುತ್ತಾ ಬರುತ್ತಾ ತಗ್ಗಿ ನಡುವಿನಲ್ಲಿ ಮಾಯ ಆಗಬೇಕು. ಏರಿಳಿತ ಗ್ರೀನಿನ ಒಳಗೇ ಹುಟ್ಟಿ ಒಳಗೇ ಸತ್ತರೆ, ಚಾಪೆಯ ಕೆಳಗೆ ದಿಂಬು ಇಟ್ಟ ಹಾಗೆ ಕಾಣುತ್ತದೆ. ಹೊರಗಿನಿಂದ ಬಂದರೆ ನೆಲವೇ ಹಾಗಿತ್ತು, ಮೇಲೆ ಹುಲ್ಲು ಕತ್ತರಿಸಿದರು ಅಷ್ಟೇ ಅನಿಸುತ್ತದೆ.

ಆಮೇಲೆ ನೀರಿನ ಪರೀಕ್ಷೆ. ಗ್ರೀನಿನ ಅತಿ ಎತ್ತರದಲ್ಲಿ ಒಂದು ಕೊಡ ನೀರು ಸುರಿದೆ ಅಂದುಕೊಳ್ಳಿ. ಅದು ಎಲ್ಲಿಂದ ಹೊರಗೆ ಹೋಗುತ್ತದೆ? ಎಲ್ಲೂ ಹೋಗದೆ ನಡುವೆ ನಿಂತರೆ ಒಂದು ಕಡೆ ಅಂಚು ಒಡೆಯಿರಿ. ಆಟದಲ್ಲಿ ಮಳೆ ಬಂದು ಕೆಸರಾಗುವುದಿಲ್ಲ ನಿಜ, ಆದರೆ ನೀರು ನಿಲ್ಲುವ ಗ್ರೀನ್ ಕಣ್ಣಿಗೆ ಸುಳ್ಳು ಅನಿಸುತ್ತದೆ. ಯಾಕೆ ಅಂತ ನೋಡುವವನಿಗೆ ಗೊತ್ತಾಗುವುದಿಲ್ಲ, ಆದರೂ ಅನಿಸುತ್ತದೆ. ಸಾಮಾನ್ಯವಾಗಿ ಎರಡು ಕಡೆ ನೀರು ಹೊರಹೋಗುವ ಹಾಗೆ ಮಾಡಿದರೆ ಸಹಜವಾಗಿ ಕಾಣುತ್ತದೆ.

ನಾಲ್ಕು ಪಿನ್ ಜಾಗ ಆರಿಸಿ. ನಾಲ್ಕಕ್ಕೂ ಫೇರ್‌ವೇಯ ಒಂದೇ ಕಡೆಯಿಂದ ಒಳ್ಳೆಯ ದಾರಿ ಇದ್ದರೆ ಎರಡನ್ನು ಬದಲಿಸಿ. ನಮ್ಮ ಓರೆ ಗ್ರೀನಿನಲ್ಲಿ ಮೂರು ಪಿನ್ ಬಲದವನಿಗೆ ಸಲೀಸು. ಬಲ ಮುಂದಿನ ಒಂದು ಪಿನ್ ಮಾತ್ರ ಎಡದವನಿಗೂ ಸಿಗುವ ಹಾಗೆ ಇಡಿ. ಆ ದಿನ ಹಳೆಯ ಆಟಗಾರನಿಗೂ ತಲೆ ಕೆಡುತ್ತದೆ.

ಹಂತ 6: ಬಂಕರ್, ಅಂದರೆ ದೂರದ ಬೆಟ್ಟ

ದೂರದ ಬೆಟ್ಟ ನುಣ್ಣಗೆ ಅನ್ನುತ್ತೇವಲ್ಲ, ಮೆಕೆಂಜಿ ಬಂಕರ್‌ಗಳ ಗುಟ್ಟು ಸುಮಾರು ಅದೇ. ಗ್ರೀನಿಗೆ ಅಂಟಿಕೊಂಡಂತೆ ಕಾಣುವ ಬಂಕರ್, ಹತ್ತಿರ ಹೋದರೆ ಗ್ರೀನಿಗಿಂತ 30 ಗಜ ಈಚೆಗೇ ಇರುತ್ತದೆ. ನಡುವೆ ಅಷ್ಟು ಜಾಗ ಇದೆ ಅಂತ ಹೊಡೆಯುವವನಿಗೆ ಕಾಣುವುದೇ ಇಲ್ಲ. ಪಿನ್ ಹತ್ತಿರ ಇದೆ ಅಂದುಕೊಂಡು ಕಡಿಮೆ ದೂರ ಹೊಡೆಯುವ ಕ್ಲಬ್ (ಗಾಲ್ಫ್ ಕೋಲು) ತೆಗೆಯುತ್ತಾನೆ. ಚೆಂಡು ಬಂಕರ್ ದಾಟಿ, ಗ್ರೀನಿಗೆ ಬಾರದೆ, ಆ ಕಾಣದ ತಗ್ಗಿನಲ್ಲಿ ಕೂರುತ್ತದೆ.

ಇದನ್ನು ಮಾಡೋದು ಹೀಗೆ. ಗ್ರೀನಿನ ಮುಂಭಾಗದ ಅಂಚಿನಿಂದ 30 ಗಜ ಈಚೆಗೆ, ಹೊಡೆಯುವವನ ಕಡೆಗೆ, ಬಂಕರ್ ಇಡಿ. ಅದರ ಗ್ರೀನ್ ಕಡೆಯ ತುಟಿಯನ್ನು 3, 4 ಅಡಿ ಎತ್ತಿ, ಮರಳನ್ನು ಆ ಎತ್ತರದವರೆಗೂ ಗೋಡೆಗೆ ಮೆತ್ತಿದ ಹಾಗೆ ಏರಿಸಿ. ತುಟಿಯ ಹಿಂದೆ ನೆಲವನ್ನು ನಿಧಾನವಾಗಿ ತಗ್ಗಿಸಿ, ಮತ್ತೆ ಗ್ರೀನಿಗೆ ಏರಿಸಿ. ಈಗ 150 ಗಜ ದೂರ, ನಿಂತವನ ಕಣ್ಣಿನ ಎತ್ತರಕ್ಕೆ ಕ್ಯಾಮೆರಾ ಇಳಿಸಿ ನೋಡಿ. ಬಂಕರಿನ ತುಟಿ ಗ್ರೀನಿನ ಅಂಚನ್ನು ಮುಟ್ಟಿದ ಹಾಗೆ ಕಂಡರೆ ಕೆಲಸ ಆಯಿತು. ನಡುವಿನ ಹುಲ್ಲಿನ ಪಟ್ಟಿ ಇನ್ನೂ ಕಾಣುತ್ತಿದ್ದರೆ ತುಟಿಯನ್ನು ಅರ್ಧ ಅಡಿ ಏರಿಸಿ. ಗ್ರೀನೇ ಮರೆಯಾದರೆ ಇಳಿಸಿ. ಅಪ್ರೋಚ್ (ಗ್ರೀನಿಗೆ ಗುರಿಯಿಟ್ಟ) ಹೊಡೆತ ಕುರುಡಾಗಬಾರದು ಅನ್ನುವುದೂ ಅವರದೇ ನಿಯಮ. ಪಿನ್ ಕಾಣಬೇಕು, ದೂರ ಮಾತ್ರ ಗೊತ್ತಾಗಬಾರದು.

ಹೊಸಬರು ಮಾಡುವ ಅತಿ ದೊಡ್ಡ ತಪ್ಪು ಆಕಾಶದಿಂದ ಬಂಕರ್ ಬಿಡಿಸುವುದು. ಮೇಲಿನಿಂದ ನೋಡಿದರೆ ಹೂವಿನ ಹಾಗೆ ಚಂದ. ಟೀಯಿಂದ ನೋಡಿದರೆ ಒಂದು ಬಿಳಿ ಗೆರೆ. ಒಂದೊಂದು ಬದಲಾವಣೆಗೂ ಕೆಳಗೆ ಇಳಿದು ನೋಡಿ. ಬೇಜಾರಾಗುತ್ತದೆ, ಆದರೂ ಇಳಿಯಿರಿ.

ಆಕಾರಕ್ಕೆ: ಮೊದಲು ಒಂದು ಸಾದಾ ಮೊಟ್ಟೆಯಾಕಾರ. ಅದರ ಮೇಲಂಚಿನಿಂದ ಹುಲ್ಲಿನ ಒಂದು ದಪ್ಪ ನಾಲಿಗೆ ಮರಳಿನೊಳಗೆ ಇಳಿಸಿ. ಇನ್ನೊಂದು ಚಿಕ್ಕದು, ಸಮವಾಗಿ ಅಲ್ಲ, ಸ್ವಲ್ಪ ಪಕ್ಕಕ್ಕೆ. ಕೆಳಂಚು ಸರಳವಾಗಿರಲಿ, ಚೆಂಡು ಒಳಗೆ ಬರುವ ಬಾಗಿಲು ಅದು. ಬಂಕರಿನ ಬೆನ್ನನ್ನು 15, 20 ಗಜದವರೆಗೂ ಎಳೆದು ಸುತ್ತಲಿನ ನೆಲಕ್ಕೆ ಕರಗಿಸಿ. ಸುತ್ತ ಬಳೆಯ ಹಾಗೆ ದಿಬ್ಬ ಎದ್ದಿದ್ದರೆ ಅದು ಮೆಕೆಂಜಿ ಅಲ್ಲ, ಇರುವೆ ಗೂಡು.

ರಾಯಲ್ ಮೆಲ್ಬರ್ನ್ ಬೇರೆ ಥರ. ಅಲ್ಲಿ ಬಂಕರ್ ನೇರ ಗ್ರೀನಿನ ಅಂಚನ್ನೇ ಕಚ್ಚುತ್ತದೆ, ನಡುವೆ ರಫ್ (ಉದ್ದ ಹುಲ್ಲು) ಇಲ್ಲ, ಅಂಚು ಚಾಕುವಿನಲ್ಲಿ ಕೊಯ್ದ ಹಾಗೆ. ಸೈಪ್ರೆಸ್ ಪಾಯಿಂಟ್‌ನಲ್ಲಿ ಬಂಕರ್ ಎಲ್ಲಿ ಮುಗಿದು ಮರಳು ದಿಬ್ಬ ಎಲ್ಲಿ ಶುರುವಾಯಿತು ಅಂತ ಗೊತ್ತಾಗುವುದಿಲ್ಲ. ಎರಡೂ ಅವರದೇ, ನಿಮ್ಮ ನೆಲ ಯಾವುದನ್ನು ಕೇಳುತ್ತದೋ ಅದನ್ನು ಹಿಡಿಯಿರಿ, ಎರಡನ್ನೂ ಬೆರೆಸಬೇಡಿ. ಇಡೀ ಕೋರ್ಸಿಗೆ 35ರಿಂದ 50 ಬಂಕರ್ ಸಾಕು. ಪ್ರತಿಯೊಂದಕ್ಕೂ ಕೇಳಿ: ಇದನ್ನು ತೆಗೆದರೆ ಟೀ ಮೇಲಿನವನ ಯೋಚನೆ ಬದಲಾಗುತ್ತಾ? ಇಲ್ಲ ಅಂದರೆ ಅಳಿಸಿ. ನಾನು ಹೀಗೆ ಕೇಳಿಕೊಂಡು ಒಂದೇ ಸಂಜೆ 50ಕ್ಕೂ ಜಾಸ್ತಿ ಅಳಿಸಿದೆ.

ಹಂತ 7: ಹುಲ್ಲು, ಮರ, ಗಾಳಿ

ಇದು ಬೇಗ ಮುಗಿಯುವ ಕೆಲಸ. ಮರ ಕಡಿಮೆ ಇರಲಿ. ಒಂಟಿ ಮರ ಅಥವಾ ಗುಂಪು, ಫೇರ್‌ವೇಯ ಎರಡೂ ಬದಿಗೆ ಸಾಲು ನೆಡಬೇಡಿ. ಹುಲ್ಲಿಗೆ ಒಂದೇ ಹಸಿರು ಬಳಸದೆ ಮೂರು ಬಣ್ಣ ಬಳಸಿ, ಗಡಿಗಳನ್ನು ಓರೆಕೋರೆ ಮಾಡಿ. ಫೇರ್‌ವೇಯನ್ನು ಗಟ್ಟಿ ಮಾಡಿ, ಚೆಂಡು ಉರುಳಬೇಕು. ಅದು ಮೆತ್ತಗಿದ್ದರೆ ನಾಲ್ಕನೇ ಹಂತದಲ್ಲಿ ಬಿಟ್ಟ ಆ ಖಾಲಿ ಹುಲ್ಲಿಗೆ ಬೆಲೆಯೇ ಇಲ್ಲ. ಗಾಳಿ ಗಂಟೆಗೆ 10, 12 ಮೈಲಿ, ಒಂದೇ ದಿಕ್ಕಿನಿಂದ ಖಾಯಂ ಇಟ್ಟು ವಿನ್ಯಾಸ ಮಾಡಿ. ಸಂಜೆಯ ಬೆಳಕು ಸ್ಕ್ರೀನ್‌ಶಾಟಿಗೆ ಚೆನ್ನ, ಆದರೆ ಸೂರ್ಯನಿಗೆ ಮುಖ ಮಾಡಿದ ಹೋಲ್‌ಗಳಲ್ಲಿ ಏನೂ ಕಾಣುವುದಿಲ್ಲ. ಬೆಳಗಿನ ಹತ್ತು ಗಂಟೆಯ ಓರೆ ಬೆಳಕು ನೆಲದ ಏರಿಳಿತ ತೋರಿಸುತ್ತದೆ.

ಹಂತ 8: ಆಡಿ ನೋಡುವುದು

ಮೊದಲು ನೀವೇ ಮೂರು ವೇಷದಲ್ಲಿ ಆಡಿ. ಒಂದು ಸುತ್ತು ಪ್ರತಿ ಟೀಯಿಂದಲೂ ಡ್ರೈವರ್ (ಅತಿ ದೂರ ಹೊಡೆಯುವ ಕ್ಲಬ್), ಜೋರಾಗಿ. ಇನ್ನೊಂದು ಸುತ್ತು ಪೂರ್ತಿ ಹುಷಾರು. ಮೂರನೇ ಸುತ್ತಿನಲ್ಲಿ ಮುಂದಿನ ಟೀಯಿಂದ, 150 ಗಜಕ್ಕಿಂತ ಜಾಸ್ತಿ ಹೊಡೆಯದೆ. ಮೂರನೇ ಸುತ್ತಿನಲ್ಲಿ ಯಾವ ಹೋಲಿನಲ್ಲಾದರೂ ಚೆಂಡು ಮುಂದೆ ಸಾಗಿಸೋಕೆ ದಾರಿಯೇ ಇಲ್ಲ ಅನಿಸಿದರೆ ಆ ಹೋಲ್ ಇನ್ನೂ ಆಗಿಲ್ಲ. ಸೈಪ್ರೆಸ್‌ನ 16ನೇ ಹೋಲ್ ಸಮುದ್ರದ ಮೇಲೆ 230 ಗಜದಷ್ಟು ಹೊಡೆಯಬೇಕಾದ ಪಾರ್ 3. ಅಲ್ಲಿ ಕೂಡ ಎಡಕ್ಕೆ ಚಿಕ್ಕದಾಗಿ ಹೊಡೆದು ಉಳಿದುಕೊಳ್ಳೋಕೆ ಜಾಗ ಇದೆ.

ಅಂಕ ಬರೆದಿಡಿ. ಜೋರು ಸುತ್ತು ಮತ್ತು ಹುಷಾರು ಸುತ್ತುಗಳ ಅಂಕ ಹತ್ತಿರ ಹತ್ತಿರ ಬಂದರೆ ಒಳ್ಳೆಯ ಲಕ್ಷಣ. ಯಾವಾಗಲೂ ಜೋರಿನವನೇ ಗೆದ್ದರೆ ಬಂಕರ್ ಸಾಲು ಇನ್ನೂ ದೂರ ಸರಿಯಬೇಕು. ಹುಷಾರಿನವನೇ ಗೆದ್ದರೆ ಗ್ರೀನಿನ ಓರೆ ಸಾಲದು.

ಆಮೇಲೆ ಬೇರೆಯವರನ್ನು ಕೂರಿಸಿ, ಬಾಯಿ ಮುಚ್ಚಿಕೊಂಡು ನೋಡಿ. "ಇಲ್ಲಿ ಬಲಕ್ಕೆ ಹೊಡೀಬೇಕು" ಅಂತ ಹೇಳಿಕೊಡಬೇಡಿ. ಹೋಲ್ ತಾನೇ ಹೇಳಬೇಕು. ನಾನು ಒಂದೇ ವಿಷಯ ಗಮನಿಸುತ್ತೇನೆ: ಟೀ ಮೇಲೆ ಅವರು ಎಷ್ಟು ಹೊತ್ತು ನಿಲ್ಲುತ್ತಾರೆ. ಎರಡು ಸೆಕೆಂಡಿನಲ್ಲಿ ಹೊಡೆದರೆ ಹುಳ ಹತ್ತಿಲ್ಲ. ಕ್ಲಬ್ ಬದಲಿಸಿ, ಗುರಿ ಸರಿಸಿ, ಮತ್ತೆ ಹಳೆಯ ಕ್ಲಬ್ಬಿಗೆ ಬಂದರೆ ಹತ್ತಿದೆ.

ಹೊರಗೆ ಬಿಡುವಾಗ ನಿಜವಾದ ಗಾಲ್ಫ್ ಸಂಸ್ಥೆಯ ಹೆಸರು, ಲೋಗೊ ಬಳಸಬೇಡಿ. ಸ್ವಂತ ಹೆಸರು ಇಟ್ಟು, ವಿವರಣೆಯಲ್ಲಿ ಮೆಕೆಂಜಿ ಶೈಲಿಯ ಪ್ರೇರಣೆ ಅಂತ ಒಂದು ಸಾಲು ಬರೆದರೆ ಸಾಕು. ಗ್ರೀನ್ ವೇಗ ಮತ್ತು ಗಾಳಿ ಯಾವುದಕ್ಕೆ ಇಟ್ಟು ಆಡಬೇಕು ಅನ್ನುವುದನ್ನೂ ಅಲ್ಲೇ ಹೇಳಿ, ಇಲ್ಲದಿದ್ದರೆ ವೇಗ ತುದಿಗೆ ಏರಿಸಿ ಆಡಿ ನಿಮ್ಮನ್ನೇ ಬೈಯುತ್ತಾರೆ.

ನನ್ನ ಆ ಹಳೆಯ ಕೋರ್ಸ್ ಈಗ 41 ಬಂಕರಿಗೆ ಇಳಿದಿದೆ. ಅದೇ ಗೆಳೆಯನನ್ನು ಮತ್ತೆ ಕೂರಿಸಿದ್ದೆ. ನಾಲ್ಕನೇ ಟೀ ಮೇಲೆ ಸುಮಾರು ಹೊತ್ತು ನಿಂತ, ಎಡಕ್ಕೆ ಗುರಿ ಇಟ್ಟ, ಬಲಕ್ಕೆ ತಿರುಗಿದ, ಬಲತುದಿಯ ಬಂಕರಿಗೆ ಹಾಕಿದ. "ಇನ್ನೊಂದ್ಸಲ" ಅಂದ. ಏಳನೇ ಹೋಲಿನಲ್ಲಿ ಮಾತ್ರ ಈಗಲೂ ಎರಡೇ ಸೆಕೆಂಡು. ಗ್ರೀನನ್ನು ಇನ್ನಷ್ಟು ಓರೆ ಮಾಡಬೇಕೋ, ಜಾಗವನ್ನೇ ಬದಲಿಸಬೇಕೋ, ಈ ವಾರ ನೋಡಬೇಕು.